ಫಾಗ್ ಲೈಟಿನ ಪಾದದ ವಿಭೂತಿ

ಕಾರಿನ ದೀಪದ ಗಾಜಿನೊಳಗೆ ಸೊಳ್ಳೆಮರಿಗಳು ಈಜಾಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ತೊಟ್ಟಿಯಲ್ಲಿ ನೋಡಿದ್ದೆ, ಹೂಕುಂಡದ ತಟ್ಟೆಯಲ್ಲಿ ನೋಡಿದ್ದೆ. ದೀಪದೊಳಗೆ ನೋಡಿದ್ದು ಅದೇ ಮೊದಲು. ನಮ್ಮ ಮನೆಯ ಹಳೇ ಸ್ಪೋರ್ಟ್ಸ್ ಕಾರಿನ ಮುಂದುಗಡೆ, ಬಂಪರಿನ ಮೇಲೆ, ಅಂಗೈಯಗಲದ ಎರಡು ಫಾಗ್ ಲೈಟುಗಳಿವೆ. ಹಳದಿ ಗಾಜು. ಬಲಗಡೆಯದರಲ್ಲಿ ಅರ್ಧದವರೆಗೆ ಮಳೆನೀರು ಇಳಿದು, ತುಕ್ಕು ಕದಡಿ, ಆರಿಹೋದ ಟೀ ಥರ ಆಗಿತ್ತು. ಬಗ್ಗಿ ನೋಡಿದರೆ ಕೊಂಡಿ ಕೊಂಡಿಯಾಗಿ ಹುಳಗಳು ಮೇಲೂ ಕೆಳಗೂ ಆಡುತ್ತಿದ್ದವು. ಬೆಳಗಿನ ಪೂಜೆ ಮುಗಿಸಿ, ಇನ್ನೂ ಬಾಯಿಗೆ ಕಾಫಿ ಬಿಟ್ಟುಕೊಂಡಿರಲಿಲ್ಲ. ಅವತ್ತಿನ ಕಾಫಿ ಅಲ್ಲಿಗೆ ಮುಗಿಯಿತು.

"ನೋಡಿ, ಮೀನು ಸಾಕಿದ್ದೀರ," ಅಂದೆ ನಮ್ಮ ಯಜಮಾನರಿಗೆ.

"ಅದು ಏನಿಲ್ಲ ಕಣೆ, ಗಾಜಿನ ರಬ್ಬರ್ ಬೀಡಿಂಗ್ ಹೋಗಿದೆ," ಅಂದರು. ಅವರಿಗೆ ಆ ಗಾಡಿಯಲ್ಲಿ ಯಾವುದು ಕೆಟ್ಟರೂ 'ಅದು ಏನಿಲ್ಲ'.

ಕಾರು ನಮ್ಮ ಮಾವನವರ ಕಾಲದ್ದು. ಮಾವನವರು ಗುಂಡ್ಲುಪೇಟೆಯಿಂದ ಊಟಿ ಕಡೆಯ ಟೀ ಎಸ್ಟೇಟುಗಳಿಗೆ ಈರುಳ್ಳಿ, ಕೋಸು, ಬೀನ್ಸು ಕಳಿಸುತ್ತಿದ್ದರು. ಅಲ್ಲಿ ಒಬ್ಬ ಮ್ಯಾನೇಜರು ಊರು ಬಿಡುವಾಗ ಈ ಇಂಗ್ಲೆಂಡಿನ ಗಾಡಿಯನ್ನು ಇವರಿಗೆ ಕೊಟ್ಟು ಹೋದನಂತೆ. ಎರಡೇ ಸೀಟು, ತಲೆಯ ಮೇಲೆ ಬಟ್ಟೆಯ ಮುಚ್ಚಿಗೆ, ಕೂತರೆ ಅಂಡು ನೆಲಕ್ಕೆ ತಾಗುತ್ತೇನೋ ಅನ್ನುವಷ್ಟು ಕುಳ್ಳು. ನಮ್ಮತ್ತೆ ಅದನ್ನು ಒಂದೇ ಮಾತಲ್ಲಿ ಮುಗಿಸಿದ್ದಾರೆ: "ಎಲ್ಡೇ ಸೀಟಿನ ಗಾಡಿ ಮಾಡ್ದವನ ಎಂಡ್ರುಗೆ ಅತ್ತೆ ಇರ್ನಿಲ್ಲ ಕಣಮ್ಮಿ."

ಮಾವನವರು ತೀರಿಕೊಂಡ ಮೇಲೆ ಅದು ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ, ಈರುಳ್ಳಿ ಚೀಲಗಳ ಪಕ್ಕ ನಿಂತಿತ್ತು. ನಮ್ಮ ಯಜಮಾನರು ಮಂಡಿ ವ್ಯವಹಾರವನ್ನು ತಮ್ಮನಿಗೆ ಬಿಟ್ಟ ಮೇಲೆ ಅದರ ಬೆನ್ನು ಹತ್ತಿದರು. ವರ್ಷಕ್ಕೊಮ್ಮೆ ಊಟಿಯಲ್ಲಿ ಹಳೇ ಗಾಡಿಯವರೆಲ್ಲ ಸೇರುತ್ತಾರೆ. ಅಲ್ಲಿಗೆ ಅಪ್ಪನ ಕಾರಿನಲ್ಲಿ ಹೋಗಿ ನಿಲ್ಲುವುದು ಅವರಿಗೆ ನಮ್ಮ ಮಾದಪ್ಪನ ಬೆಟ್ಟ ಹತ್ತಿದ ಹಾಗೆ. ಬರುತ್ತೇನೆಂದು ಈ ಸಲ ಎಲ್ಲರಿಗೂ ಮಾತು ಕೊಟ್ಟುಬಿಟ್ಟಿದ್ದರು.

ಅದು ಮಂಜಿನ ಕಾಲ. ಗುಂಡ್ಲುಪೇಟೆ ದಾಟಿದ ಮೇಲೆ ಬಂಡೀಪುರದ ಗೇಟಿನವರೆಗೆ, ಆ ದಿನಗಳಲ್ಲಿ ರಸ್ತೆ ಇದೆ ಎಂದು ನಂಬಿಕೊಂಡು ಹೋಗಬೇಕು, ಕಾಣುವುದಿಲ್ಲ. ರಾತ್ರಿಯೆಲ್ಲ ಮುಚ್ಚಿದ ಗೇಟು ತೆಗೆಯುವ ಹೊತ್ತಿಗೆ ಅಲ್ಲಿರಬೇಕು. ತಡವಾಗಿ ಲಾರಿಗಳ ಹಿಂದೆ ಸಿಕ್ಕಿಕೊಂಡರೆ ಘಾಟಿಯಲ್ಲಿ ಈ ಮುದಿ ಗಾಡಿಯ ನೀರು ಕುದಿಯುತ್ತದೆ. ಆದ್ದರಿಂದ ಮಂಜು ಗಟ್ಟಿಯಾಗಿರುವಾಗಲೇ ಹೊರಡಬೇಕು. ಮೇಲಿನ ದೊಡ್ಡ ದೀಪ ಹಾಕಿದರೆ ಮಂಜು ಬೆಳ್ಳಗೆ ಎದುರಿಗೆ ಬಂದು ಗೋಡೆಯಂತೆ ನಿಲ್ಲುತ್ತದೆ. ನೆಲಕ್ಕೆ ಹತ್ತಿರದಲ್ಲಿ ಬೆಳಕು ಚೆಲ್ಲುವ ಈ ಹಳದಿ ದೀಪಗಳು ಹತ್ತಿದರೆ ಮಾತ್ರ ರಸ್ತೆಯ ಅಂಚು ಕಾಣುವುದು. ಅವು ಹತ್ತುತ್ತಿರಲಿಲ್ಲ.

ಹಿಂದಿನ ವರ್ಷ ಅವು ಇಲ್ಲದೆಯೇ ಹೋಗಿದ್ದೆವು. ಮುಂದೆ ಹೋಗುತ್ತಿದ್ದ ಒಂದು ತರಕಾರಿ ಲಾರಿಯ ಹಿಂದಿನ ಕೆಂಪು ದೀಪವನ್ನೇ ನೋಡಿಕೊಂಡು ಇವರು ಬಿಟ್ಟರು. ಲಾರಿಯವನು ರಸ್ತೆ ಬಿಟ್ಟು ಪಕ್ಕದ ಹೊಲದ ಬದಿಗೆ ಇಳಿದು ನಿಲ್ಲಿಸಿದ. ನಾವೂ ಅವನ ಬಾಲ ಹಿಡಿದು ಇಳಿದೆವು! ಬ್ರೇಕು ಹಿಡಿದಾಗ ಲಾರಿಯ ಹಿಂಬದಿಯ ಕಬ್ಬಿಣ ನನ್ನ ಮೂಗಿನ ಮುಂದೆ ಇತ್ತು. ಇನ್ನು ಸ್ವಲ್ಪ ಹೋಗಿದ್ದರೆ ಈ ಕುಳ್ಳು ಗಾಡಿ ಲಾರಿಯ ಅಡಿಗೆ ತೂರಿ, ನಮ್ಮಿಬ್ಬರ ತಲೆ ಮೇಲೇ ಉಳಿಯುತ್ತಿತ್ತು. ಲಾರಿಯಿಂದ ಇಳಿದವನು ನಮ್ಮನ್ನು ನೋಡದೆ, ನಮ್ಮ ಬಾನೆಟ್ಟಿಗೆ ಸಿಡಿಯುವ ಹಾಗೆ ಅಲ್ಲೇ ಉಚ್ಚೆ ಹೊಯ್ಯಲು ನಿಂತ. ನಾನು ಕೊರಳಿನ ಲಿಂಗ ಹಿಡಿದುಕೊಂಡು ಕಣ್ಣು ಮುಚ್ಚಿದೆ. ತಲೆ ಉಳಿಸಿದೆಯಲ್ಲ ಶಿವನೇ, ಅಷ್ಟು ಸಾಕು ಅಂತ. ವಾಸನೆಗೆ ಮೂಗನ್ನೂ ಮುಚ್ಚಿಕೊಂಡೆ.

ಇವರಿಗೆ ಎಡಗಣ್ಣಿನ ಪೊರೆ ತೆಗೆಸಿದ ಮೇಲೂ ಆ ಕಡೆ ಮಬ್ಬು. ಹೊರಗಿನವರಿಗೆ ಹೇಳುವುದಿಲ್ಲ. ಅದಕ್ಕೇ ನಾನು ಪಕ್ಕದಲ್ಲಿ ಕೂತು, ಎಡಗಡೆ ಮೋರಿ ಬಂತು, ಎಡಗಡೆ ಎಮ್ಮೆ ಬಂತು ಅಂತ ಹೇಳುತ್ತಿರಬೇಕು. ಮಂಜಿನಲ್ಲಿ ನನಗೂ ಕಾಣದಿದ್ದರೆ ಇಬ್ಬರೂ ಕುರುಡರೇ.

"ಈ ಸಲ ಆ ದೀಪ ಹತ್ತಿದ್ರೆ ಹೋಗೋಣ, ಇಲ್ದಿದ್ರೆ ಬೇಡ," ಅಂದೆ.

"ಹತ್ತದಿದ್ರೂ ಹೊರಡೋದೇ. ನಮ್ಮಪ್ಪಾಜಿ ಬರೀ ತಿಂಗಳ ಬೆಳಕಲ್ಲಿ ಘಾಟಿ ಇಳ್ದಿದ್ರು."

"ಅವ್ರಿಗೆ ಎರಡೂ ಕಣ್ಣಿತ್ತು."

ಸಂಜೆಗೆ ಹೈವೇ ಪಕ್ಕದಲ್ಲಿ ಲಾರಿಗಳ ವೈರಿಂಗ್ ಮಾಡುವವನೊಬ್ಬನನ್ನು ಕರೆದುಕೊಂಡು ಬಂದರು. ಅಷ್ಟಾದರೂ ಕಿವಿಗೆ ಬಿತ್ತಲ್ಲ ಅಂದುಕೊಂಡೆ.

ಬಂದವನು ನಮ್ಮ ವಯಸ್ಸಿನವನೇ. ಕೈ ಚೆನ್ನಾಗಿದೆ ಎಂದು ಹೆಸರು. ಬಾಯಿ ಮಾತ್ರ ಗುಟ್ಕಾದ ತಿಪ್ಪೆ. ವೈರಿನ ಮೇಲಿನ ಪ್ಲಾಸ್ಟಿಕ್ಕನ್ನು ಹಲ್ಲಿನಲ್ಲೇ ಕಚ್ಚಿ ಸುಲಿಯುತ್ತಾನೆ. ಸುಲಿದದ್ದನ್ನು ಉಗಿಯುತ್ತಾನೆ, ಅದರ ಜೊತೆಗೆ ಕೆಂಪನ್ನೂ ಉಗಿಯುತ್ತಾನೆ. ಮೊದಲ ಉಗುಳು ಶೆಡ್ಡಿನ ಬಾಗಿಲಿಗೆ ನಾನು ಬೆಳಗ್ಗೆ ಹಾಕಿದ್ದ ರಂಗೋಲಿಯ ಮೇಲೆ ಬಿತ್ತು.

"ನೋಡಪ್ಪ, ಅಲ್ಲಿ ಎಳೆ ಬಿಟ್ಟಿದ್ದೀನಿ," ಅಂದೆ.

"ಕಾಣ್ನಿಲ್ಲ ಅಕ್ಕೋ. ಬುಡಿ, ಕೆಂಪು ಬಣ್ಣನೂ ಸೇರ್ಕತ್ತು," ಅಂತ ನಕ್ಕ.

ಜಗಲಿಯ ಮೇಲೆ ಕೂತಿದ್ದ ಅತ್ತೆಯೂ ನಕ್ಕರು. ನನಗೆ ನಗು ಬರಲಿಲ್ಲ. ಒಂದು ಹಳೇ ಬಕೆಟ್ಟನ್ನು ತಂದು ಅವನ ಪಕ್ಕದಲ್ಲಿ ಇಟ್ಟೆ. ಎಲ್ಲ ಕೆಲಸ ಮುಗಿದ ಮೇಲೆ ಆ ಬಕೆಟ್ಟನ್ನು ತೊಳೆದವಳೂ ನಾನೇ. ಅದರ ವಿಚಾರ ಬೇಡ.

ಮೊದಲು ಗಾಜಿನ ಸುತ್ತಿನ ಬಳೆ ಬಿಚ್ಚಿ ಸೊಳ್ಳೆಮರಿ ನೀರನ್ನು ಚೆಲ್ಲಿದ. ಒಳಗಿನ ಬಲ್ಬುಗಳನ್ನು ತೆಗೆದು ಬ್ಯಾಟರಿಗೆ ನೇರ ಹಿಡಿದ. ಎರಡೂ ಹತ್ತಿದವು. "ಬಲ್ಬು ಸರಿ ಅವೆ," ಅಂದ. ಹಾಗಾದರೆ ಕರೆಂಟು ಬರುತ್ತಿಲ್ಲ ಅಂತ ಲೆಕ್ಕ. ಫ್ಯೂಸಿನ ಡಬ್ಬಿ ತೆರೆದ. ಅಲ್ಲಿ ಫ್ಯೂಸೇ ಇರಲಿಲ್ಲ. ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದವನ್ನು ಉಂಡೆ ಮಾಡಿ ತುರುಕಿದ್ದರು. ಅದು ಸುಟ್ಟು ಕಪ್ಪಾಗಿ ಡಬ್ಬಿಗೆ ಅಂಟಿಕೊಂಡಿತ್ತು. ಆಮೇಲೆ ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕಿ ವೈರಿನ ಗೊಂಚಲನ್ನು ಎಳೆದ. ಒಂದು ಕಡೆ ವೈರು ಕೂಡಿಸಿದ್ದ ಜಾಗಕ್ಕೆ ಕಪ್ಪು ಟೇಪಿನ ಬದಲು ಗಾಯಕ್ಕೆ ಹಾಕುವ ಪ್ಲಾಸ್ಟರು ಸುತ್ತಿತ್ತು. ಯಾರದೋ ಕೈಯಿಂದ ಕಿತ್ತು ಹಾಕಿದ ಪ್ಲಾಸ್ಟರು, ಅದರಲ್ಲಿ ಕೂದಲು ಹಾಗೇ ಇತ್ತು. ಶಿವಶಿವಾ.

"ಯಾವ ಪುಣ್ಯಾತ್ಮ ಯಜಮಾನ್ರೆ ಇದ್ನ ಮಾಡ್ದವನು?" ಎಂದು ಕೇಳಿದ.

"ಚಾಮರಾಜನಗರದಲ್ಲಿ ಮಾಡಿಸಿದ್ದೆ. ದೊಡ್ಡ ವೈರಿಂಗ್‌ನವ್ನು ಅಂದ್ರು."

ಅತ್ತೆ ಅಲ್ಲಿಂದಲೇ ಕೂಗಿದರು: "ಸೊಸೆ ತೌರೂರು ಕಣಪ್ಪ, ಚಾಮ್ರಾಜ್ನಗರ. ಅಲ್ಲಿ ಕೆಲ್ಸ ಅಂದ್ರೆ ಅಂಗೇ."

"ಅಲ್ಲಿಂದ ತಂದ ಸೊಸೆ ಮಾಡಿದ ಮುದ್ದೆನೇ ಮಧ್ಯಾಹ್ನ ಉಂಡಿದ್ದು ಅತ್ತೆ," ಅಂದೆ.

"ಅದ್ಕೇ ಒಟ್ಟೆ ಗುಡುಗುಡು ಅಂತಾ ಕುಂತದೆ."

ಗೊಂಚಲಿನ ಹಿಂದೆ ಇಲಿಯ ಗೂಡು. ನನ್ನದೇ ಒಂದು ಹಳೇ ಸೀರೆಯ ಅಂಚು, ಈರುಳ್ಳಿ ಸಿಪ್ಪೆ, ಗೋಣಿಯ ನಾರು, ಇವನ್ನೆಲ್ಲ ಸೇರಿಸಿ ಬುಟ್ಟಿಯಂತೆ ಹೆಣೆದಿದ್ದವು. ಒಳಗೆ ಒಣಗಿ ಚಕ್ಕೆಯಾದ ಮರಿಗಳು. ಇವನು ಬರಿಗೈಯಲ್ಲಿ ಬಾಚಿ ಬಕೆಟ್ಟಿಗೆ ಎಸೆದ, ಅದೇ ಕೈಯಲ್ಲಿ ಜೇಬಿನಿಂದ ಗುಟ್ಕಾ ತೆಗೆದು ಬಾಯಿಗೆ ಹಾಕಿಕೊಂಡ. ಆಮೇಲೆ ನಾನು ಟೀ ತಂದುಕೊಟ್ಟಾಗ ಅವನು ಲೋಟದ ಅಂಚನ್ನು ಆ ಬೆರಳುಗಳಲ್ಲಿ ಹಿಡಿದದ್ದನ್ನು ನೋಡಿ, ಆ ಲೋಟವನ್ನು ಬೇರೆ ಇಟ್ಟೆ. ಜಾತಿ ನೋಡಿ ಬೇರೆ ಇಡುವವಳಲ್ಲ ನಾನು, ಶರಣರ ಮನೆಯವಳು. ಇಲಿಯನ್ನು ನೋಡಿ ಬೇರೆ ಇಟ್ಟೆ.

ಇಲಿ ಕಡಿದ ವೈರನ್ನೆಲ್ಲ ತೆಗೆದು ಹೊಸದು ಎಳೆದ. ಬ್ಯಾಟರಿಯಿಂದ ಹೊಸ ಫ್ಯೂಸು, ಅಲ್ಲಿಂದ ರಿಲೇ ಎಂಬ ಒಂದು ಪುಟ್ಟ ಕರಿ ಡಬ್ಬಿ, ಅಲ್ಲಿಂದ ಎರಡೂ ದೀಪಕ್ಕೆ. ಸ್ವಿಚ್ಚನ್ನೂ ಹೊಸದು ಹಾಕಿದ. ನಮ್ಮ ಯಜಮಾನರು ಟಾರ್ಚು ಹಿಡಿದು ಅವನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದರು. ಮೊಣಕಾಲು ನೋವು ಅಂತ ದೇವರಮನೆಯಲ್ಲಿ ಕುರ್ಚಿ ಕೇಳುವ ಮನುಷ್ಯ.

"ಈಗ ಹಾಕಿ ಯಜಮಾನ್ರೆ."

ಸ್ವಿಚ್ಚು ಹಾಕಿದರು. ಎಡಗಡೆಯದು ಆರಿದ ಒಲೆಯ ಕೆಂಡದ ಹಾಗೆ ಒಂಚೂರು ಕೆಂಪಾಯಿತು. ಬಲಗಡೆಯದು ಅದೂ ಇಲ್ಲ. ಇವನು ತಲೆ ಕೆರೆದುಕೊಂಡು, "ಎಲ್ಲಿ, ಇಂಡಿಕೇಟರ್ ಆಕಿ," ಅಂದ. ಹಾಕಿದರೆ, ಇಂಡಿಕೇಟರಿನ ಜೊತೆಗೆ ಫಾಗ್ ಲೈಟೂ ಮಿಣಕ್ ಮಿಣಕ್ ಅನ್ನತೊಡಗಿತು. ಸಂಬಂಧವೇ ಇಲ್ಲದ ಎರಡು ದೀಪ ಒಟ್ಟಿಗೆ ಕಣ್ಣು ಹೊಡೆಯುತ್ತಿದ್ದವು. ನೋಡಲು ಅಸಹ್ಯವಾಗಿತ್ತು.

"ಸಿಕ್ತು," ಅಂದ ಅವನು. "ಅರ್ತ್ ಇಲ್ಲ. ಕರೆಂಟು ಓಗಾಕೆ ದಾರಿ ಮಾಡಿಕೊಟ್ಟೆ, ವಾಪಸ್ ಬರಾಕೆ ದಾರಿ ಇಲ್ಲ. ಅದ್ಕೇ ಪಕ್ಕದ ಇಂಡಿಕೇಟರ್ ದಾರೀಲಿ ನುಗ್ತಾ ಅದೆ."

"ಅರ್ತಿಗೆ ಇನ್ನೊಂದು ವೈರು ಎಳಿ ಮತ್ತೆ," ಅಂದರು ಇವರು.

"ಎಳ್ದ್ರೆ ಎಲ್ಲಿಗೆ ಕಟ್ಲಿ? ಈ ಲೈಟುಗೆ ಬರದು ಒಂದೇ ವೈರು. ಇನ್ನೊಂದು ದಾರಿ ಇದರ ಕಾಲು. ಕಾಲಿನ ಬೋಲ್ಟು ಬಂಪರ್ ಪಟ್ಟಿ ಕಬ್ಬಿಣಕ್ಕೆ ಕಚ್ಕಂಡಿರ್ಬೇಕು. ಆ ಬೋಲ್ಟು ಬಿಚ್ಚಿ ಉಜ್ಬೇಕು. ಆದ್ರೆ..." ಅಂತ ಹೇಳಿ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡ.

ಆದರೆ ಬೋಲ್ಟು ಎಲ್ಲಿದೆ? ಕಾಣಬೇಕಲ್ಲ! ಎರಡು ದೀಪಗಳ ಕಾಲೂ ಒಂದೊಂದು ಹುತ್ತದೊಳಗೆ ಮುಳುಗಿದ್ದವು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಯುಧಪೂಜೆಯಲ್ಲಿ ಎಲ್ಲರೂ ಗಾಡಿಯ ಗಾಜಿಗೆ, ಬಾನೆಟ್ಟಿಗೆ ವಿಭೂತಿ ಹಚ್ಚುತ್ತಾರೆ. ನಮ್ಮ ಮಾವನವರದು ಬೇರೆ ಕ್ರಮ. ಗಾಡಿಯಲ್ಲಿ ದಾರಿ ತೋರಿಸುವುದು ದೀಪ, ದೊಡ್ಡವರಿಗೆ ನಮಸ್ಕಾರ ಮಾಡುವುದು ಪಾದಕ್ಕೆ, ಆದ್ದರಿಂದ ದೀಪದ ಪಾದಕ್ಕೆ ಪೂಜೆ ಎಂದು ಅವರು ಫಾಗ್ ಲೈಟಿನ ಕಾಲಿಗೆ ವಿಭೂತಿ ಹಚ್ಚುತ್ತಿದ್ದರು. ನೀರಲ್ಲಿ ಕಲೆಸಿದ ವಿಭೂತಿ, ಮೇಲೆ ಒಂದು ಬಿಲ್ವಪತ್ರೆ. ಸಾಯುವ ವರ್ಷದ ಪೂಜೆಯಲ್ಲಿ ಇವರ ಭುಜ ಹಿಡಿದುಕೊಂಡು ಬಂದು, ನಡುಗುವ ಕೈಯಲ್ಲಿ ಹಚ್ಚಿದ್ದರು. ಅವರು ಹೋದ ಮೇಲೆ ಆ ಬೆರಳಿನ ಗುರುತನ್ನು ಅಳಿಸಕೂಡದು ಎಂದಾಯಿತು. ಕಾರು ತೊಳೆಯುವಾಗ ಅಲ್ಲಿಗೆ ನೀರು ಬೀಳಬಾರದು. ಆದರೆ ವರ್ಷ ವರ್ಷದ ಪೂಜೆ ನಿಲ್ಲಲಿಲ್ಲ. ಹಳೆಯದರ ಮೇಲೇ ಹೊಸದು. ವಿಭೂತಿಯ ಮೇಲೆ ಕುಂಕುಮ, ಅದರ ಮೇಲೆ ಎಣ್ಣೆ, ಬಾಳೆಹಣ್ಣು ಕಿವುಚಿ ಅಂಟಿಸಿ ಅದಕ್ಕೆ ಊದುಬತ್ತಿ, ಒಡೆದ ತೆಂಗಿನಕಾಯಿಯ ನೀರು, ಮತ್ತೆ ವಿಭೂತಿ. ಶೆಡ್ಡಿನ ಧೂಳು, ಈರುಳ್ಳಿಯ ಹೊಟ್ಟು ಅದಕ್ಕೆ ಮೆತ್ತಿಕೊಂಡವು. ಮಾವನವರ ಬೆರಳಿನ ಗುರುತು ಯಾವ ಪದರದಲ್ಲಿ ಹೂತುಹೋಯಿತೋ ಆ ಪರಶಿವನಿಗೇ ಗೊತ್ತು.

"ಅಲ್ಲಿ ಮುಟ್ಬೇಡ," ಅಂದರು ನಮ್ಮ ಯಜಮಾನರು. "ಅಪ್ಪಾಜಿ ಬೆರಳು ಅದು."

"ನಾನ್ಯಾಕ್ ಮುಟ್ಟಾನ ಯಜಮಾನ್ರೆ," ಅಂದ ಅವನು. "ಇರೀಕರ ಈಬತ್ತಿ. ನಾನೂ ಮಕ್ಕಳೊಂದಿಗ. ಬ್ಯಾರೆ ದಾರಿ ನೋಡನ."

ಬೇರೆ ದಾರಿ ನೋಡಿದರು, ಮಾರನೆಯ ದಿನ ಮಧ್ಯಾಹ್ನದವರೆಗೆ. ದೀಪದ ಬಳೆಗೆ ಕ್ಲಿಪ್ಪಿನಲ್ಲಿ ವೈರು ಕಚ್ಚಿಸಿದರು. ಬಳೆಗೂ ತುಕ್ಕು. ಗಾಡಿ ಸ್ಟಾರ್ಟ್ ಮಾಡಿದ ಕೂಡಲೇ ಅದುರಿ ಕ್ಲಿಪ್ಪು ಕಳಚಿ ಬಿತ್ತು. ದೀಪದ ಹೊಟ್ಟೆಗೇ ವೈರು ಸುತ್ತಿ ಟೇಪು ಬಿಗಿದರು. ಒಂದು ನಿಮಿಷ ಹತ್ತಿ ಆರಿತು. ಸುತ್ತಿದ ಟೇಪು ಎದ್ದು ಬಾಲದಂತೆ ನೇತಾಡಿತು. ಕೊನೆಗೆ ವೈರಿನ ತುದಿಯನ್ನು ಆ ಹುತ್ತಕ್ಕೇ ಊದುಬತ್ತಿಯ ಹಾಗೆ ಚುಚ್ಚಿ, "ಎಲ್ಲಾದರೂ ಕಬ್ಬಿಣ ಸಿಗ್ತದೇನೋ," ಅಂತ ನೋಡಿದರು. ಚುಚ್ಚಿದ ತೂತಿನಿಂದ ಸಣ್ಣ ಕೆಂಪಿರುವೆಗಳು ಸಾಲಾಗಿ ಹೊರಗೆ ಬಂದವು, ಬೆಳ್ಳನೆ ಮೊಟ್ಟೆಗಳನ್ನು ಬಾಯಲ್ಲಿ ಕಚ್ಚಿಕೊಂಡು.

ಅಷ್ಟಕ್ಕೆ ಇಬ್ಬರೂ ಎದ್ದರು. ನಮ್ಮ ಯಜಮಾನರು ಕೈ ಕೊಡವಿಕೊಂಡು ಹೇಳಿದ್ದು ಇಷ್ಟು: "ಆಯ್ತು ಬಿಡು. ದೀಪ ಇಲ್ದೇನೇ ಹೋಗೋಣ. ನಾಳಿದ್ದು ಬೆಳಗ್ಗೆ ಹೊರಡೋದು."

ಲಾರಿಯ ಕಬ್ಬಿಣ ಮತ್ತೆ ನನ್ನ ಮೂಗಿನ ಮುಂದೆ ಬಂದು ನಿಂತ ಹಾಗಾಯಿತು. ಬಗ್ಗಿ ಆ ಹುತ್ತವನ್ನು ನೋಡಿದೆ. ಅದುವರೆಗೆ ನಾನೂ ಅದನ್ನು ದೂರದಿಂದ ಕೈಮುಗಿದು ನೋಡಿದವಳೇ ಹೊರತು ಹತ್ತಿರದಿಂದ ನೋಡಿರಲಿಲ್ಲ. ಹುಳಿ ಹಿಡಿದ ಎಣ್ಣೆಯ ವಾಸನೆ. ಒಂದು ಕಡೆ ಜಿರಳೆಯ ಮೊಟ್ಟೆಯ ಗೂಡು, ಹುಣಸೆಬೀಜದ ಹಾಗೆ. ಒಂದು ಕಡೆ ಇಲಿಯ ಹಿಕ್ಕೆ ಕುಂಕುಮದಲ್ಲಿ ಸಿಕ್ಕಿ ಗಟ್ಟಿಯಾಗಿತ್ತು. ಯಾರದೋ ತಲೆಗೂದಲು, ಒಂದು ಸೊಳ್ಳೆಬತ್ತಿಯ ಚೂರು. ಇದಕ್ಕಾ ನಾವು ಪ್ರತಿ ವರ್ಷ ಆರತಿ ಎತ್ತಿದ್ದು? ಹೊಲಸು ಎಂದರೆ ಹೊಲಸೇ. ಅದಕ್ಕೆ ದೇವರ ಹೆಸರು ಸೇರಿದರೆ ಇನ್ನೂ ಹೊಲಸು.

ಒಳಗೆ ಹೋಗಿ ಒಂದು ತೆಂಗಿನ ಚಿಪ್ಪು, ಮಗುಚುವ ಹಳೇ ದೋಸೆಕೈ, ಬಿಸಿನೀರು ತಂದೆ.

"ಏನ್ ಮಾಡ್ತಿದ್ದೀಯ?" ಅಂದರು ಇವರು.

"ಕೆರೀತೀನಿ."

"ಹೇಳಲಿಲ್ವಾ ನಿಂಗೆ? ಅಪ್ಪಾಜಿ..."

"ನಿಮ್ಮಪ್ಪಾಜಿ ದಿನಾ ಬೆಳಗ್ಗೆ ಲಿಂಗದ ಮೇಲಿನ ನಿನ್ನೆ ಪತ್ರೆ ತೆಗೆದು, ತೊಳೆದು, ಆಮೇಲೆ ಇವತ್ತಿನದು ಇಡ್ತಿದ್ರು. ನಿರ್ಮಾಲ್ಯ ತೆಗೀದೆ ಪೂಜೆ ಮಾಡಿದ್ದು ನಾನು ಈ ಮನೇಲಿ ನೋಡಿಲ್ಲ. ಈ ಗಾಡಿ ಒಂದಕ್ಕೆ ಯಾವ ಶಾಸ್ತ್ರ?"

ವೈರಿಂಗಿನವನು ಬಕೆಟ್ಟಿಗೆ ಉಗಿದ. ಅತ್ತೆ ಜಗಲಿಯಿಂದ ಇಳಿದು ಬಂದರು. ಅವರಿಗೆ ನಡು ಬಗ್ಗಿದೆ, ಆದ್ದರಿಂದ ದೀಪದ ಎತ್ತರಕ್ಕೇ ಅವರ ಮುಖ ಬರುತ್ತದೆ. ಬಂದವರೇ ನನ್ನ ಮೇಲೆ ಹರಿಹಾಯ್ದರು.

"ನಿಮ್ಮಾವ ಮುಟ್ಟಿದ್ದ ಕೆರೆದಾಕ್ತೀಯಾ? ಕೈ ಬತ್ತದೇನಮ್ಮಿ ನಿಂಗೆ?"

"ನೀವೇ ನೋಡಿ ಅತ್ತೆ. ನಿಮ್ಮ ಗಂಡನ ಬೆರಳು ಎಲ್ಲದೆ ತೋರ್ಸಿ. ಅದೊಂದು ಬಿಟ್ಟು ಮಿಕ್ಕಿದ್ದು ಕೆರೀತೀನಿ."

ಅತ್ತೆ ನೋಡಿದರು. ಬಹಳ ಹೊತ್ತು ನೋಡಿದರು. ಮುಖವನ್ನು ಇನ್ನೂ ಹತ್ತಿರ ತಂದು ಮೂಸಿ, ತಟ್ಟನೆ ಹಿಂದಕ್ಕೆ ಎಳೆದುಕೊಂಡರು. ಸೆರಗನ್ನು ಮೂಗಿಗೆ ಒತ್ತಿ ಹಿಡಿದರು. ಮಾವನವರು ಎಂಥವರೆಂದು ಅವರಿಗೆ ನನಗಿಂತ ಗೊತ್ತು. ಮಡಚಿದ ಪಂಚೆಯ ಅಂಚಿಗೆ ಒಂದು ಕಲೆ ಇದ್ದರೆ ಉಡುತ್ತಿರಲಿಲ್ಲ. ಊಟದ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ ಆಮೇಲೆ ಬಡಿಸಿಕೊಳ್ಳುತ್ತಿದ್ದರು.

"ಚರಂಡಿಗೆ ಆಕ್ಬೇಡ," ಅಂದರು ಕೊನೆಗೆ. "ತುಳಿಯಾ ಜಾಗದಲ್ಲೂ ಬ್ಯಾಡ. ಬಿಲ್ವದ ಗಿಡದ ಬುಡಕ್ಕೆ ಸುರಿ."

ಹೇಳಿ ಒಳಗೆ ಹೋದರು. ಮಗ ಅವರ ಹಿಂದೆ, "ಅವ್ವಾ, ನೀನೂ..." ಎನ್ನುತ್ತಾ ಹೋದರು. ಮುನಿಸಿಕೊಂಡು ಟಿವಿ ಮುಂದೆ ಕೂತದ್ದು ಕಿಟಕಿಯಿಂದ ಕಂಡಿತು.

ಕೆರೆದೆ. ಬಿಸಿನೀರು ಹಾಕಿದಷ್ಟೂ ವಾಸನೆ ಎದ್ದಿತು. ಮೇಲಿನದು ಜಿಡ್ಡಾಗಿ ಉಗುರಿಗೆ ಮೆತ್ತಿತು, ಒಳಗಿನದು ಸುಣ್ಣದ ಚಕ್ಕೆಯ ಹಾಗೆ ಎದ್ದು ಬಂತು. ಒಂದೊಂದು ಚಕ್ಕೆಯ ಅಡಿಯಲ್ಲೂ ಏನೋ ಒಂದು ಸತ್ತಿತ್ತು ಅಥವಾ ಹರಿದಾಡುತ್ತಿತ್ತು. ಎರಡು ಸಲ ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದೆ. ಇರುವೆ ಮೊಣಕೈವರೆಗೆ ಹತ್ತಿ ಕಡಿದವು. ತೆಗೆದದ್ದನ್ನೆಲ್ಲ ಮೊರದಲ್ಲಿ ತುಂಬಿ ಗಿಡದ ಬುಡಕ್ಕೆ ಸುರಿದೆ. ಗಿಡಕ್ಕೆ ನನ್ನ ಮೇಲೆ ಏನೆನ್ನಿಸಿತೋ. ಕಡೆಯ ಪದರದ ಅಡಿಯಲ್ಲಿ, ಲೋಹಕ್ಕೆ ಅಂಟಿಕೊಂಡು, ತೆಳ್ಳಗೆ ಬಿಳಿ ವಿಭೂತಿಯ ಒಂದಿಷ್ಟು ಪುಡಿ ಮಾತ್ರ ಇತ್ತು. ಎಣ್ಣೆಯಿಲ್ಲ, ಕುಂಕುಮವಿಲ್ಲ. ಬೆರಳಿನ ಗೀರು ಇತ್ತೋ ಇಲ್ಲವೋ, ನನ್ನ ಕಣ್ಣಿಗೆ ಗೊತ್ತಾಗಲಿಲ್ಲ. ಅದನ್ನು ಒದ್ದೆ ಬೆರಳಲ್ಲಿ ತೆಗೆದು ಹಣೆಗೆ ಹಚ್ಚಿಕೊಂಡೆ. ಅಷ್ಟು ಹೊಲಸಿನ ನಡುವೆ ಹಣೆಗೆ ಹಚ್ಚುವಂಥದ್ದು ಒಂಚೂರು ಉಳಿದಿತ್ತಲ್ಲ.

ಬೋಲ್ಟಿನ ತಲೆ ಹಸಿರಾಗಿತ್ತು, ಕೆಳಗಿನ ಕಬ್ಬಿಣ ಬಿಸ್ಕತ್ತಿನ ಹಾಗೆ ಪದರ ಪದರ. "ಈಗ ಬುಡಿ ಅಕ್ಕೋ, ನನ್ನ ಕೆಲ್ಸ," ಅಂತ ಅವನು ಕೂತ. ಬಿಚ್ಚಿದ, ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿದ, ಹೊಸ ಬೋಲ್ಟು ಹಾಕಿ ಅದರ ಕೆಳಗೆ ಅರ್ತಿನ ವೈರು ಸೇರಿಸಿ ಬಿಗಿದ. ಅದಕ್ಕೂ ಹಲ್ಲಿನಲ್ಲೇ ವೈರು ಸುಲಿದ.

ಸ್ವಿಚ್ಚು ಹಾಕಿದ್ದು ನಾನೇ. ಎರಡೂ ದೀಪ ಭಗ್ ಎಂದು ಹತ್ತಿದವು. ಶೆಡ್ಡಿನ ಎದುರು ಗೋಡೆಯ ಮೇಲೆ ಬಾಳೆಹಣ್ಣಿನ ಬಣ್ಣದ ಬೆಳಕು ಅಗಲಕ್ಕೆ ಹರಡಿತು. ನಮ್ಮ ಯಜಮಾನರು ಎದ್ದು ಬಂದು ಬಾಗಿಲಲ್ಲಿ ನಿಂತರು. ಫೋನು ತೆಗೆದು ಫೋಟೋ ಹೊಡೆದು, ತಮ್ಮ ಹಳೇ ಗಾಡಿ ಗುಂಪಿಗೆ ಕಳಿಸಿದರು. ರಾತ್ರಿ ಚಾರ್ಜಿಗೆ ಹಾಕುವಾಗ ನೋಡಿದೆ. 'ಅರ್ತ್ ಫಾಲ್ಟ್ ಇತ್ತು, ಹುಡುಕಿ ಸರಿ ಮಾಡಿದೆ' ಎಂದು ಬರೆದಿದ್ದರು. 'ಮಾಡಿದೆ'! ಕೆಳಗೆ ಊರೆಲ್ಲ ಹೆಬ್ಬೆರಳು ಎತ್ತಿತ್ತು. ನನ್ನ ಹೆಬ್ಬೆರಳಿನ ಉಗುರಿನೊಳಗೆ ಇನ್ನೂ ಕಪ್ಪು ಇತ್ತು.

ಹೊರಡುವ ದಿನ ಮಂಜು ಹಿಂದಿನ ವರ್ಷಕ್ಕಿಂತ ಗಟ್ಟಿ. ಊರು ದಾಟಿದ್ದೇ ರಸ್ತೆಯ ಎರಡೂ ಬದಿಯ ಮರಗಳು ಮಾಯ. ಇವರು ಫಾಗ್ ಲೈಟು ಹಾಕಿದರು. ಬೆಳಕು ಮಂಜಿನ ಕೆಳಗೆ ತೂರಿಕೊಂಡು ನೆಲದ ಮೇಲೆ ಹರಿಯಿತು. ಬಿಳಿ ಗೆರೆ ಕಂಡಿತು, ರಸ್ತೆಯ ಅಂಚು ಕಂಡಿತು. ಶಿವನೇ, ಇಷ್ಟು ಕಂಡರೆ ಸಾಕು ಅಂದುಕೊಂಡೆ. ಆದರೆ ಅಂಚು ಕಂಡ ಮೇಲೆ ಅಂಚಿನಲ್ಲಿ ಇರುವುದೆಲ್ಲ ಕಾಣಬೇಕಲ್ಲ. ಊಟದ ಪ್ಲಾಸ್ಟಿಕ್ ತಟ್ಟೆ, ಬಾಟಲಿ, ಚಿಪ್ಸಿನ ಕವರು, ಸಾಂಬಾರು ಕಟ್ಟಿದ ಪೊಟ್ಟಣ. ಕಾಡು ನೋಡಲು ಬಂದವರ ಗುರುತು, ಮೈಲಿಗಟ್ಟಲೆ, ಸಾಲಾಗಿ. ಕತ್ತಲಲ್ಲಿ ಹೋಗಿದ್ದರೆ ಇದಾದರೂ ಕಾಣುತ್ತಿರಲಿಲ್ಲ. ಒಂದು ನಾಯಿ ಒಂದು ಕವರಿನೊಳಗೆ ತಲೆ ತೂರಿಸಿ ನಿಂತಿತ್ತು.

"ಎಡಗಡೆ ನಾಯಿ," ಅಂದೆ.

"ಕಂಡೆ, ಕಂಡೆ."

ಹಂಗಳ ದಾಟಿದ ಮೇಲೆ ಒಂದು ತಿರುವು. ತಿರುಗಿದ ಕೂಡಲೇ ಹಳದಿ ಬೆಳಕಿನ ತುದಿಯಲ್ಲಿ, ಎಡಗಡೆ, ಏನೋ ಕುಳಿತ ಹಾಗೆ ಕಂಡಿತು.

"ಕಲ್ಲು! ಕಲ್ಲು ರೀ!"

ಬ್ರೇಕು ಹಿಡಿದರು. ಗಾಡಿ ಜಾರಿ, ಅಡ್ಡಡ್ಡ ಹೋಗಿ ನಿಂತಿತು. ನಮ್ಮ ಬಂಪರಿಗೂ ಮೊದಲ ಕಲ್ಲಿಗೂ ನಡುವೆ ಒಂದು ಕೊಡ ಇಡುವಷ್ಟು ಜಾಗ. ಒಂದಲ್ಲ, ಸಾಲು ಕಲ್ಲು. ಯಾವುದೋ ಲಾರಿ ಕೆಟ್ಟು ನಿಂತಿದೆ. ಹಿಂದೆ ಬರುವವರಿಗೆ ತಿಳಿಯಲಿ ಎಂದು ಡ್ರೈವರು ರಸ್ತೆಯ ಮಧ್ಯೆ ಕಲ್ಲು ಜೋಡಿಸಿದ್ದಾನೆ. ಆಮೇಲೆ ಲಾರಿ ರಿಪೇರಿಯಾಗಿದೆ. ಲಾರಿ ಹೊರಟುಹೋಗಿದೆ. ಕಲ್ಲು ಹಾಗೇ. ತನ್ನ ಹಿಂದೆ ಬರುವವರು ಸಾಯದಿರಲಿ ಎಂದು ಇಟ್ಟ ಕಲ್ಲನ್ನು, ತನ್ನ ಕೆಲಸವಾದ ಮೇಲೆ, ಅವರು ಸಾಯಲಿ ಎಂದು ಬಿಟ್ಟು ಹೋದ. ಎಂಥ ಜನ!

ನಮ್ಮ ಯಜಮಾನರು ಸ್ಟೇರಿಂಗು ಬಿಡಲಿಲ್ಲ. "ಕಾಣ್ಲಿಲ್ಲ ಕಣೆ ನಂಗೆ," ಅಂದರು. ಮೆಲ್ಲಗೆ. ಆ ಕಣ್ಣಿನ ವಿಷಯ ಅವರ ಬಾಯಿಂದಲೇ ಬಂದದ್ದು ಅದೇ ಮೊದಲು.

"ಗಾಡಿ ಹಾಗೇ ಇರ್ಲಿ, ದೀಪ ಆರಿಸ್ಬೇಡಿ," ಅಂತ ಹೇಳಿ ಇಳಿದೆ.

ಸೆರಗು ಸೊಂಟಕ್ಕೆ ಸಿಕ್ಕಿಸಿ ಕಲ್ಲುಗಳನ್ನು ಒಂದೊಂದಾಗಿ ಉರುಳಿಸತೊಡಗಿದೆ. ಮಂಜಿಗೆ ಒದ್ದೆಯಾಗಿ ಜಾರುತ್ತಿದ್ದವು. ಹಿಂದಿನಿಂದ ಒಂದು ದೊಡ್ಡ ಕಾರು ಬಂದು, ನಮ್ಮ ಗಾಡಿಯ ಹಿಂದೆ ನಿಂತು ಹಾರನ್ನು ಬಾರಿಸಿತು. ಬಾರಿಸುತ್ತಲೇ ಇತ್ತು. ಕಿಟಕಿ ಇಳಿಸಿ ಒಬ್ಬ ತಲೆ ಹಾಕಿದ.

"ಆಂಟೀ, ರೋಡ್ ಮಧ್ಯೆ ಏನ್ ಮಾಡ್ತಿದ್ದೀರ? ಸೈಡ್ ಬಿಡ್ರೀ!"

"ನಿನ್ನ ತಲೆ ಉಳಿಸ್ತಾ ಇದ್ದೀನಪ್ಪ. ಇಳಿದು ಒಂದು ಕೈ ಹಾಕು."

ಅವನು ಕಿಟಕಿ ಏರಿಸಿಕೊಂಡ. ಕಾರು ಹಿಂದೆ ಸರಿದು, ಬಲಗಡೆಯಿಂದ ಕಲ್ಲುಗಳನ್ನು ಬಳಸಿಕೊಂಡು ಮಂಜಿನೊಳಗೆ ಹೋಯಿತು. ಹೋಗುತ್ತಾ ನೀರಿನ ಖಾಲಿ ಬಾಟಲಿಯೊಂದನ್ನು ಹೊರಗೆ ಎಸೆಯಿತು.

ಕೊನೆಯ ಕಲ್ಲು ಎಲ್ಲಕ್ಕಿಂತ ದೊಡ್ಡದು. ಎರಡೂ ಕೈಯಲ್ಲಿ ಅಡಿಯಿಂದ ಎತ್ತಿದೆ. ಅಡಿಯಲ್ಲಿ ಮೆತ್ತಗೆ ಏನೋ ಸಿಕ್ಕಿತು. ಕೂಸಿಗೆ ಕಟ್ಟುವ ಡಯಾಪರು, ಮಡಚಿ ಕಲ್ಲಿನ ಕೆಳಗೆ ತುರುಕಿದ್ದರು. ತುಂಬಿದ್ದು. ಹತ್ತೂ ಬೆರಳಿಗೂ ಆಯಿತು. ಕಲ್ಲನ್ನು ಬಿಡದೆ, ಉಸಿರು ಕಟ್ಟಿಕೊಂಡು, ಹಾಗೇ ನೂಕಿ ಮೋರಿಗೆ ಹಾಕಿದೆ. ಹುಲ್ಲಿಗೆ ಕೈ ಉಜ್ಜಿದೆ. ಹೋಗಲಿಲ್ಲ.

ಬದುಕಿದೆವಲ್ಲ ಎಂದು ಶಿವನಿಗೆ ಹೇಳಬೇಕು. ಲಿಂಗವನ್ನು ಮುಟ್ಟಿ ಹೇಳಬೇಕು. ಈ ಕೈಯಲ್ಲಿ ಹೇಗೆ ಮುಟ್ಟಲಿ? ಎರಡೂ ಕೈಯನ್ನು ಮೈಯಿಂದ ದೂರ ಚಾಚಿಕೊಂಡು, ಗಾಡಿಯ ಮುಂದೆ, ಆ ಹಳದಿ ಬೆಳಕಿನಲ್ಲಿ ನಿಂತೆ.

ನಮ್ಮ ಯಜಮಾನರು ಇಳಿದು ಬಂದರು. ರೇಡಿಯೇಟರಿಗೆ ಬೇಕಾಗುತ್ತದೆ ಎಂದು ಸೀಟಿನ ಹಿಂ­ದೆ ಇಟ್ಟಿದ್ದ ನೀರಿನ ಕ್ಯಾನು ಅವರ ಕೈಯಲ್ಲಿತ್ತು. ಮುಚ್ಚಳ ತೆಗೆದು ನನ್ನ ಕೈ ಮೇಲೆ ಬಗ್ಗಿಸಿದರು. ನೀರು ಕೊರೆಯುವಷ್ಟು ತಣ್ಣಗಿತ್ತು. ಉಜ್ಜಿ ಉಜ್ಜಿ ತೊಳೆದೆ.

"ಘಾಟೀಲಿ ಗಾಡಿ ಕುದಿದ್ರೆ ಆಮೇಲೆ ನೀರಿರಲ್ಲ ಕಣೆ," ಅಂದರು. ಆದರೂ ಕ್ಯಾನನ್ನು ಎತ್ತಲಿಲ್ಲ.

ಕೈಯನ್ನು ಮೂಗಿನ ಹತ್ತಿರ ತಂದು ಮೂಸಿ ನೋಡಿದೆ. ವಾಸನೆ ಹೋಗಿರಲಿಲ್ಲ.

"ಇನ್ನೊಂದಿಷ್ಟು ಹಾಕಿ," ಅಂದೆ.